ಮರಣವಾರ್ತಾ ನಿವೇದನ ಮೀಮಾಂಸೆ

ಮನುಷ್ಯನು ಸಾಯುವನೆಂಬ ವಿಷಯದಲ್ಲಿ ಆಸ್ತಿಕ ನಾಸ್ತಿಕ ದರ್ಶನಕಾರರೆಲ್ಲರೂ ಏಕಮತರಾಗಿರುವರಾದರೂ, ಸತ್ತ ಸಂಗತಿಯನ್ನು ಯಾರಿಗೆ, ಎಷ್ಟು ದಿನದೊಳಗೆ, ಯಾವ ಮಾತಿನಲ್ಲಿ ಅರುಹತಕ್ಕದ್ದೆಂಬ ಗಹನವಾದ ಪ್ರಶ್ನೆಯನ್ನು ಅವರಾರೂ ಎತ್ತಿಕೊಳ್ಳದೆ ಹೋದುದರಿಂದ, ಆ ಭಾರವು ಭಾರತದ ಸಂಸತ್ತಿನ ಮೇಲೂ ಭೀಮಾತೀರದ ದೇವಣಗಾಂವದಂಥ ಗ್ರಾಮಗಳ ಮೇಲೂ ಬಿದ್ದಿತು. ಇವೆರಡರಲ್ಲಿ ಯಾವುದರ ದಂಡನೀತಿ ಶ್ರೇಷ್ಠವೆಂಬುದೇ ಪ್ರಸ್ತುತ ಜಿಜ್ಞಾಸೆ.

ಸಂಸತ್ತಿನದು ಪೂರ್ವಪಕ್ಷ. 1969ರ ಜನನ ಮರಣ ನೋಂದಣಿ ಅಧಿನಿಯಮದ 8ನೆಯ ಕಲಮಿನಂತೆ ಮನೆಯಲ್ಲಿ ಸತ್ತರೆ ಮನೆಯ ಯಜಮಾನನೂ, ಆಸ್ಪತ್ರೆಯಲ್ಲಿ ಸತ್ತರೆ ವೈದ್ಯಾಧಿಕಾರಿಯೂ, ಸೆರೆಮನೆಯಲ್ಲಿ ಸತ್ತರೆ ಜೇಲರನೂ ವಾರ್ತೆಯನ್ನು ಒಪ್ಪಿಸತಕ್ಕದ್ದು. ಯಜಮಾನನೇ ಸತ್ತಲ್ಲಿ ಆತನೇ ಎದ್ದುಬಂದು ಹೇಳಬೇಕೋ ಎಂಬ ಶಂಕೆಗೆ ಎಡೆಯಿರಬಾರದೆಂದು ಸಮೀಪದ ಬಂಧುವನ್ನೂ ಸೇರಿಸಿರುವರು. ಅವಧಿ 21 ದಿನ. ಮೀರಿದರೆ ತಡದ ಶುಲ್ಕ, 30 ದಿನ ಮೀರಿದರೆ ಮೇಲಧಿಕಾರಿಯ ಅಪ್ಪಣೆ, ವರ್ಷ ಮೀರಿದರೆ ದಂಡಾಧಿಕಾರಿಯ ಆಜ್ಞೆ. ಸಕಾರಣವಿಲ್ಲದೆ ಸುಮ್ಮನಿದ್ದವನಿಗೆ 23ನೆಯ ಕಲಮು 50 ರೂಪಾಯಿಯವರೆಗೆ ದಂಡವನ್ನು ವಿಧಿಸಿತು. ಅರ್ಧ ಶತಮಾನವನ್ನು ಮೀರಿ ಈ ಮೊತ್ತವು ಹಿಮಾಲಯದಂತೆ ಅಚಲವಾಗಿ ನಿಂತು, 2023ರ ಅಕ್ಟೋಬರ 1ರಿಂದ ಒಮ್ಮೆಲೇ 250ಕ್ಕೆ ನೆಗೆಯಿತು. ಬೇಸಿಗೆಯಲ್ಲಿ ಇಂಡಿ ಸೀಮೆಯ ನಿಂಬೆಹಣ್ಣಿನ ಒಂದು ಚೀಲ ಕೊಂಡವನಿಗೆ ಈ ದಂಡದ ಭೀಕರತೆಯನ್ನು ನಾವು ವಿವರಿಸಬೇಕಾಗಿಲ್ಲ.

ಇನ್ನು ಗ್ರಾಮದ ಪಕ್ಷ. ಈ ಸೀಮೆಯ ಅಲಿಖಿತ ಸಂಹಿತೆಯಲ್ಲಿ ಅಪರಾಧಕ್ಕೆ 'ಸುದ್ದಿ ಮುಟ್ಟಿಸದಿರುವುದು' ಎಂದು ಹೆಸರು. ಅವಧಿಯು ಹೆಣ ಎತ್ತುವ ತನಕ ಮಾತ್ರ. ತಡದ ಶುಲ್ಕವಿಲ್ಲ, ಏಕೆಂದರೆ ತಡಕ್ಕೆ ಕ್ಷಮೆಯೇ ಇಲ್ಲ. ದಂಡವು ರೂಪಾಯಿಯಲ್ಲಿರದೆ ತಲೆಮಾರುಗಳಲ್ಲಿರುವುದು. ಹತ್ತು ವರ್ಷದ ಮೇಲೆ ಬೀಗರ ಮನೆಗೆ ಲಗ್ನಪತ್ರಿಕೆ ಹಿಡಿದು ಹೋದವನು ಹೊಸ್ತಿಲಲ್ಲಿಯೇ ತೀರ್ಪನ್ನು ಕೇಳುವನು: "ನಮ್ಮ ಕಾಕಾ ಹ್ವಾದಾಗ ನಮಗ ಸುದ್ದಿ ಮುಟ್ಟಿಸಿದ್ರೇನು? ಈಗ ಯಾ ಮಾರಿ ಹೊತ್ತು ಲಗ್ನಕ್ಕ ಕರ್ಯಾಕ ಬಂದ್ರಿ?" ಇದಕ್ಕೆ ಮೇಲ್ಮನವಿ ಇಲ್ಲ. ಈ ಭಯದಿಂದಲೇ, ಹೊಳೆ ತುಂಬಿರಲಿ ಬತ್ತಿರಲಿ, ದೇವಣಗಾಂವದ ಮಣ್ಣಿನ ಸುದ್ದಿ ಆಚೆ ದಂಡೆಯ ಅಫಜಲಪುರ ಕಡೆಯ ಊರುಗಳಿಗೆ ಹೊತ್ತು ಮುಳುಗುವುದರೊಳಗೆ ಮುಟ್ಟುವುದು.

ಮುಟ್ಟಿಸುವ ಶೈಲಿಯೂ ವಿಚಾರಾರ್ಹ. ಮಗಳನ್ನು ಕೊಟ್ಟ ಮನೆಗೆ ಹೋದ ವಾರ್ತಾಹರನು ಅಂಗಳದಲ್ಲಿ ನಿಂತು, ಕಾಲ್ಮರಿ ಕಳಚದೆ, ತಂದಿಟ್ಟ ತಂಬಿಗೆಯ ನೀರನ್ನು ಮುಟ್ಟದೆ, "ಅಪ್ಪಾರಿಗೆ ಭಾಳ ಆರಾಮಿಲ್ಲವಾ, ಲಗೂ ನಡಿ" ಎನ್ನುವನಲ್ಲದೆ ಸತ್ತರೆಂದು ಎಂದಿಗೂ ಎನ್ನನು. ಆಕೆಯಾದರೋ ಮಾತನ್ನು ಬಿಟ್ಟು ತಂಬಿಗೆಯನ್ನು ನೋಡಿ, ಗ್ರಹಿಸಿ, ಅಲ್ಲಿಯೇ ಕುಸಿದು ಕೂಡ್ರುವಳು. ಮೊಬೈಲು ಬಂದ ಬಳಿಕ ತಂಬಿಗೆ ತಪ್ಪಿತು. ವಾಕ್ಯ ಮಾತ್ರ ಬದಲಾಗಲಿಲ್ಲ.

ನೂರು ಜನ ಬೀಗರಿಗೆ ತಪ್ಪದೆ ಮುಟ್ಟಿದ ಸುದ್ದಿ ಸರಕಾರದ ದಾಖಲೆ ಬರೆಯುವ ಊರ ತಲಾಟಿಗೆ ಏಕೆ ಮುಟ್ಟದು? ಉತ್ತರ ಸರಳ: ಆತನು ಮುನಿಯುವುದಿಲ್ಲ. ಹೀಗಾಗಿ ಮಣ್ಣಾದ ಅಜ್ಜನು ಉತಾರದಲ್ಲಿ ಸುಖವಾಗಿ ಬಾಳುತ್ತ ಹೊಲದ ಒಡೆತನವನ್ನು ನಡೆಸುತ್ತಿರುವನು. ಮುಂದೆಂದೋ ಭೀಮೆಗೆ ಮಹಾಪೂರ ಬಂದು ಬೆಳೆ ಪರಿಹಾರದ ಯಾದಿ ಹೊರಟಾಗ ಮಕ್ಕಳು ಪೌತಿ ಖಾತೆಗಾಗಿ ಓಡಾಡಿ, ಮರಣದ ದಾಖಲೆಯಿಲ್ಲವೆಂದು ಕೇಳಿ, ತಮ್ಮ ತಂದೆ ಸತ್ತನೆಂಬುದನ್ನು ಆಗ ಮೊದಲ ಸಲ ಗಂಭೀರವಾಗಿ ಪರಿಗಣಿಸುವರು. ರಾಜ್ಯದಲ್ಲಿ ಇಂಥ ದಿವಂಗತ ಭೂಮಾಲಕರು ಲಕ್ಷಗಟ್ಟಲೆ ಇರುವುದರಿಂದಲೇ ಸರಕಾರವು 2025ರಲ್ಲಿ ಇ-ಪೌತಿ ಆಂದೋಲನವನ್ನು ಹೂಡಬೇಕಾಯಿತು. ಉತ್ತರಪ್ರದೇಶದ ಆಜಮಗಢದಲ್ಲಿ ಲಾಲಬಿಹಾರಿಯು ಬದುಕಿದ್ದೂ 1975ರಿಂದ 1994ರವರೆಗೆ ಕಂದಾಯ ದಫ್ತರದಲ್ಲಿ ಸತ್ತವನಾಗಿ, 'ಮೃತಕ ಸಂಘ'ವನ್ನೇ ಕಟ್ಟಿ ಹೋರಾಡಿದನು. ನಮ್ಮ ಸತ್ತವರು ಅಷ್ಟು ಹಠವಾದಿಗಳಲ್ಲ, ಹೆಸರು ಉಳಿದರೆ ಸಾಕೆಂದು ತೆಪ್ಪಗಿರುವರು.

ಆದುದರಿಂದ ನಮ್ಮ ಸಿದ್ಧಾಂತವಿದು: ದಂಡವನ್ನು ಸಾವಿರಕ್ಕೋ ಲಕ್ಷಕ್ಕೋ ಏರಿಸುವುದು ವ್ಯರ್ಥ, ತಲಾಟಿಯನ್ನು ಪ್ರತಿಯೊಂದು ಮನೆತನಕ್ಕೂ ವಿಧಿಪೂರ್ವಕ ಬೀಗನನ್ನಾಗಿ ಘೋಷಿಸಬೇಕು. ಸುದ್ದಿ ಮುಟ್ಟದಿದ್ದಲ್ಲಿ ಆತನು ನೋಟೀಸು ಕೊಡದೆ, ಆ ಮನೆಯ ಮದುವೆಯಲ್ಲಿ ಹೋಳಿಗೆಯ ತಾಟನ್ನು ಸರಿಸಿ ಎದ್ದುಹೋಗತಕ್ಕದ್ದು.

ಇಲ್ಲಿ ಒಂದೇ ಒಂದು ಶಾಸ್ತ್ರೀಯ ತೊಡಕುಂಟು. ಬೀಗನಾದ ತಲಾಟಿಯ ಬಾಗಿಲಿಗೆ ಬಂದ ವಾರ್ತಾಹರನು ರೂಢಿಯಂತೆ, "ಸಾಹೇಬ್ರ, ಮುತ್ಯಾಗ ಭಾಳ ಆರಾಮಿಲ್ರಿ" ಎಂದೇ ಅನ್ನುವನು. ತಲಾಟಿಯು ಅದನ್ನು ಹಾಗೆಯೇ ಬರೆದುಕೊಳ್ಳುವನು. ಮತ್ತು ದಾಖಲೆಗಾಗಿ ಸುಳ್ಳೆಂದು ತಿಳಿದೂ ಮಾಹಿತಿ ಕೊಟ್ಟವನಿಗೆ ಅದೇ 23ನೆಯ ಕಲಮು ಅದೇ 250 ರೂಪಾಯಿಯನ್ನು ವಿಧಿಸಿರುವುದು.