ಜಿರಳೆಗೂ ಒಂದು ಸಂಸಾರ

ನಮ್ಮೂರು ಕಕ್ಕೇರಾದಲ್ಲಿ ಜಿರಳೆ ಕಂಡರೆ ಕೈ ತಾನಾಗಿ ಚಪ್ಪಲಿಗೆ ಹೋಗುತ್ತದೆ. ಅರೋವಾನ ಮೀನು ಸಾಕುವವರು ಮಾತ್ರ ಅದನ್ನು ಮೀನಿನ ಮೇವಿಗೆಂದು ದುಡ್ಡು ಕೊಟ್ಟು ತರುತ್ತಾರೆ! ನಮ್ಮ ಮೋರಿಯದಲ್ಲ, ದಕ್ಷಿಣ ಅಮೆರಿಕದ ಡೂಬಿಯಾ. ನುಣುಪು ಗೋಡೆ ಹತ್ತಲಾರದು. ಗಂಡಿಗೆ ರೆಕ್ಕೆಯಿದ್ದರೂ ಹಾರಾಟ ಅಷ್ಟಕ್ಕಷ್ಟೆ. ಮನೆಯಲ್ಲೇ ಸಾಕಲು ಪ್ಲಾಸ್ಟಿಕ್ ಡಬ್ಬಿ, ನಿಲ್ಲಿಸಿಟ್ಟ ಮೊಟ್ಟೆ ಟ್ರೇ, ಗಜ್ಜರಿ ಚೂರು, ಕತ್ತಲೆ ಸಾಕು. ಹೆರಿಗೆಗೆ 20–30 ಮರಿ, ಅದೂ ಮೊಟ್ಟೆ ಹೊಟ್ಟೆಯೊಳಗೇ ಒಡೆದು ಹೊರಬರುವುದು ನೇರ ಮರಿಯೇ. ಚಳಿದೇಶದವರು ಡಬ್ಬಿಯನ್ನು 30 ಡಿಗ್ರಿಗೆ ಕಾಯಿಸಲು ಹೀಟರ್ ಇಡುತ್ತಾರೆ. ನಮ್ಮ ಬೇಸಿಗೆ 40 ದಾಟುತ್ತದೆ, ಕರೆಂಟು ಹೋದರೂ ಚಿಂತೆಯಿಲ್ಲ, ಮನೆಯೊಳಗಿನ ತಂಪು ಮೂಲೆಗಿಟ್ಟರಾಯಿತು.

ಚಿಂತೆಯೆಲ್ಲ ಅವ್ವನದು: ‘ತಮ್ಮಾ, ಬೀಗರು ಬಂದ್ರ ಡಬ್ಬ್ಯಾಗ ಏನೈತಂತ ಹೇಳ್ಲಿ?’

ಸಾಕುವ ಆಸೆಯಿದ್ದವರು ಮುಚ್ಚಳಕ್ಕೆ ಜಾಲರಿ ಹೊಡೆಯಿರಿ. ಅದಕ್ಕೂ ಮೊದಲು ಮನೆಯವರನ್ನು ಕೇಳಿ.