ಶ್ವಾಸಹಸ್ತಸಂಬಂಧ ಮೀಮಾಂಸೆ

ತಾಯ್ ಚಿ ಕಲಿಯಹೋದವರಿಗೆ ಮೊದಲು ಸಿಗುವ ಸೂತ್ರ ಇದು: ಕೈ ಏರಿದಾಗ ಉಸಿರು ಒಳಕ್ಕೆ, ಇಳಿದಾಗ ಹೊರಕ್ಕೆ. ಸೂತ್ರ ಚಿಕ್ಕದಿದ್ದಷ್ಟೂ ಭಾಷ್ಯ ದಪ್ಪವಾಗಬೇಕೆಂಬುದು ಶಾಸ್ತ್ರಸಂಪ್ರದಾಯವಾದ್ದರಿಂದ ಇಲ್ಲೊಂದು ಜಿಜ್ಞಾಸೆ ಅನಿವಾರ್ಯ. ಉಸಿರು ಕೈಯನ್ನು ಎತ್ತುತ್ತದೆಯೋ, ಕೈ ಉಸಿರನ್ನು ಎಳೆದುಕೊಳ್ಳುತ್ತದೆಯೋ? ಉಸಿರೇ ಯಜಮಾನ ಎನ್ನುವ ಪೂರ್ವಪಕ್ಷದವರು ಹೆಸರಿನಿಂದಲೇ ವಾದ ಹೂಡುತ್ತಾರೆ: ‘ಚಿ’ ಎಂದರೆ ಪ್ರಾಣವಾಯು ತಾನೆ? ಅಲ್ಲ. ಪ್ರಾಣವಾಯುವಿನ ‘ಚಿ’ಗೂ ಇದಕ್ಕೂ ಚೀನೀ ಬರಹದಲ್ಲಿ ಅಕ್ಷರವೇ ಬೇರೆ, ತಾಯ್ ಚಿಯ ‘ಚಿ’ಗೆ ತುತ್ತತುದಿ, ಪರಮಾವಧಿ ಎಂದರ್ಥ. ಎರಡೂ ರೋಮನ್ ಲಿಪಿಗೆ ಇಳಿದು ಒಂದೇ ಅಂಗಿ ತೊಟ್ಟದ್ದರಿಂದ ಇಷ್ಟೊಂದು ಉಸಿರು ವ್ಯರ್ಥವಾಗಿದೆ. ಕನ್ನಡದಲ್ಲಿ ‘ಛೀ’ ಎಂಬ ಮೂರನೆಯದೂ ಉಂಟು. ಕನ್ನಡಿಯೆದುರು ಅಭ್ಯಾಸ ಮಾಡುವವರ ಬಾಯಲ್ಲಿ ಅದು ಬರುವುದಾದರೂ ಪ್ರಕೃತಕ್ಕೆ ಅಪ್ರಸ್ತುತ.

ಇನ್ನು ಗಣಿತ ಪ್ರಮಾಣ. ಚೀನಾದ ಕ್ರೀಡಾ ಆಯೋಗ 1956ರಲ್ಲಿ ಜನಸಾಮಾನ್ಯರಿಗೆಂದು ಸರಳಗೊಳಿಸಿದ ಕ್ರಮದಲ್ಲಿ 24 ಭಂಗಿಗಳಿವೆ. ಅಷ್ಟನ್ನೂ ಸುಮಾರು 6 ನಿಮಿಷದಲ್ಲಿ ಮುಗಿಸಿದರೆ ಒಂದೊಂದಕ್ಕೆ ಸರಾಸರಿ 15 ಸೆಕೆಂಡು. ಸುಮ್ಮನೆ ಕೂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಅಂದರೆ ಭಂಗಿಯೊಂದರ ಪಾಲಿಗೆ 3ರಿಂದ 5 ಉಸಿರು. ಭಂಗಿಗೊಂದೇ ಉಸಿರೆಂದು ಹಟ ಹಿಡಿದವರು ‘ಗುಬ್ಬಿಯ ಬಾಲ ಹಿಡಿ’ಯುವಷ್ಟರಲ್ಲಿ ಮುಖ ಕೆಂಪೇರಿ, ಗುಬ್ಬಿಯೇ ಇವರನ್ನು ಹಿಡಿದುಕೊಳ್ಳಬೇಕಾದೀತು. ಅದಾದರೂ ಸಹ್ಯ. ‘ಮೋಡದಂತೆ ಕೈಯಾಡಿಸು’ವ ಭಂಗಿಯಲ್ಲಿ ಒಂದು ಕೈ ಏರುವಾಗಲೇ ಇನ್ನೊಂದು ಇಳಿಯುತ್ತದೆ. ಸೂತ್ರವನ್ನು ಅಕ್ಷರಶಃ ಪಾಲಿಸಿದರೆ ಬಲ ಶ್ವಾಸಕೋಶ ತುಂಬುವ ಕ್ಷಣದಲ್ಲೇ ಎಡದ್ದು ಬರಿದಾಗಬೇಕು. ಇಂಥ ಏರ್ಪಾಟು ಕಮ್ಮಾರನ ಜೋಡಿ ತಿದಿಗೆ ಒಪ್ಪುತ್ತದೆ. ಒಂದೇ ಗಂಟಲು, ಒಂದೇ ವಪೆ ಇರುವ ಮನುಷ್ಯನಿಗಲ್ಲ. ‘ಕೋತಿಯನ್ನು ಹಿಮ್ಮೆಟ್ಟಿಸು’ವಾಗಲೂ ಇದೇ ಪಾಡು: ಒಂದು ಕೈ ಮುಂದಕ್ಕೆ ತಳ್ಳುತ್ತದೆ, ಇನ್ನೊಂದು ಹಿಂದಕ್ಕೆ ಬರುತ್ತದೆ, ಕೋತಿ ಮಾತ್ರ ನಿಶ್ಚಿಂತೆಯಿಂದ ಉಸಿರಾಡುತ್ತಿರುತ್ತದೆ.

ಆದ್ದರಿಂದ ಸಿದ್ಧಾಂತ: ಉಸಿರು ಹಿಂಬಾಲಕ. ತೋಳು ಎತ್ತಿದರೆ ಪಕ್ಕೆಗೂಡು ಹಿಗ್ಗಿ ಗಾಳಿಗೆ ದಾರಿ ಸಲೀಸಾಗುತ್ತದೆ. ಆಗ ‘ಒಳಕ್ಕೆ’ ಎಂದು ಆಜ್ಞಾಪಿಸುವ ಮನಸ್ಸು, ಗಾಡಿಯ ಕೆಳಗೆ ನಡೆಯುತ್ತ ಗಾಡಿ ಎಳೆಯುತ್ತಿದ್ದೇನೆಂದು ಬೀಗುವ ನಾಯಿಯ ಸಗೋತ್ರ. ಆಪ್ತವಾಕ್ಯವೂ ನಮ್ಮ ಕಡೆಗಿದೆ. ತಾಯ್ ಚಿ ಗುರು ಯಾಂಗ್ ಚೆಂಗ್‌ಫು (1883–1936) ಹೇಳಿ ಬರೆಸಿದ ಹತ್ತು ನಿಯಮಗಳಲ್ಲಿ ಕತ್ತಿಗೆ, ಎದೆಗೆ, ಸೊಂಟಕ್ಕೆ, ಭುಜಕ್ಕೆ ಜಾಗ ಸಿಕ್ಕಿದೆ. ಉಸಿರಿನ ಹೆಸರಲ್ಲಿ ಒಂದೂ ಇಲ್ಲ. ಹತ್ತನೆಯದರ ವಿವರಣೆಯಲ್ಲಿ ಅದು ತಲೆಹಾಕುವುದೂ ಫಲವಾಗಿಯೇ: ನಿಧಾನಿಸಿದಷ್ಟೂ ಒಳ್ಳೆಯದು, ಆಗ ಉಸಿರು ತಾನಾಗಿ ದೀರ್ಘವಾಗುತ್ತದೆ ಎಂದು. ಇಲ್ಲಿ ಮೈಸೂರಿನ ಕಡೆಯಿಂದ ಆಕ್ಷೇಪ ಬರಬಹುದು. ಅಷ್ಟಾಂಗ ವಿನ್ಯಾಸದ ಸೂರ್ಯನಮಸ್ಕಾರದಲ್ಲಿ ಎಣಿಕೆಗೊಂದರಂತೆ ಪೂರಕ ರೇಚಕ ನಿಗದಿಯಾಗಿಲ್ಲವೇ? ಆಗಿದೆ, ಸೊಗಸಾಗಿಯೂ ಇದೆ. ಆದರೆ ಅಲ್ಲಿ ಚಲನೆಯನ್ನು ಉಸಿರಿನ ಅಳತೆಗೆ ಕತ್ತರಿಸಿ ಹೊಲಿದಿದ್ದಾರೆ. ಇಲ್ಲಿ ಎಲ್ಲೂ ಕಡಿಯದ ಒಂದೇ ಥಾನು. ಅಳತೆ ಪಟ್ಟಿ ಎಲ್ಲಿ ಹಿಡಿಯುತ್ತೀರಿ?

ಹಾಗಾದರೆ ಗುರುಗಳು ‘ಒಳಕ್ಕೆ, ಹೊರಕ್ಕೆ’ ಎಂದು ಕೂಗುವುದೇಕೆ ಎಂಬ ಶಂಕೆ ಉಳಿಯುತ್ತದೆ. ಕೂಗದಿದ್ದರೆ ಶಿಷ್ಯರು ಎರಡೂ ಮಾಡುವುದಿಲ್ಲ, ಅದಕ್ಕೆ. ಹೊಸಬರ ಉಸಿರಾಟದಲ್ಲಿ ಶಾಸ್ತ್ರ ಗಮನಿಸದ ಮೂರನೆಯ ಅವಸ್ಥೆಯೊಂದಿದೆ: ಮುಂದಿನ ಭಂಗಿ ಯಾವುದೆಂದು ನೆನಪಿಸಿಕೊಳ್ಳುವಾಗ ತಾನಾಗಿ ಕಟ್ಟಿಕೊಳ್ಳುವ ಉಸಿರು. ಯೋಗಿಗಳು ವರ್ಷಗಟ್ಟಲೆ ದುಡಿದು ಪಡೆಯುವ ಕುಂಭಕ ಇವರಿಗೆ ಬರೀ ಮರೆವಿನಿಂದ ಸಿದ್ಧಿಸುತ್ತದೆ. ಇದು ಬಿಡುವುದು 24ನೆಯ ಭಂಗಿಯಲ್ಲೇ. ಆಗ ಕೈಗಳೆರಡೂ ಕೆಳಗಿಳಿಯುತ್ತವೆ, ಯಾವ ಗುರುವಿನ ಅಪ್ಪಣೆಗೂ ಕಾಯದೆ ಜತೆಗೇ ಒಂದು ದೀರ್ಘ ‘ಉಸ್ಸಪ್ಪಾ’ ಹೊರಡುತ್ತದೆ.