ರೆಕ್ಕೆಯ ಮೇಲಿನ ಸಂಡಿಗೆ

ನಿನ್ನೆ ನಮ್ಮತ್ತೆ ವಿಮಾನದ ರೆಕ್ಕೆಯ ಮೇಲೆ ಸಂಡಿಗೆ ಇಟ್ಟರು. ನಮ್ಮೆಜಮಾನರು ಇನ್ನೂ ಯಾರ ಜೊತೆಗೂ ಮಾತಾಡುತ್ತಿಲ್ಲ. ನಾನು ನಗು ಬಂದಾಗಲೆಲ್ಲ ಪ್ಯಾಂಟ್ರಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೇನೆ.

ಡಲ್ಲಾಸಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಂತು ಯಾವ ಕಾಲವಾಯಿತೋ. ಅಲ್ಲಿ ವ್ಯಾನ್ಸ್ ಕಂಪನಿಯ ಎರಡು ಸೀಟಿನ ಆರ್‌ವಿ ವಿಮಾನ ತುಂಡುತುಂಡಾಗಿ ಹುಟ್ಟುತ್ತಿದೆ. ಆರೆಗನ್‌ನಿಂದ ಪೆಟ್ಟಿಗೆಯಲ್ಲಿ ಅಲ್ಯುಮಿನಿಯಂ ತಗಡು ಬರುತ್ತದೆ. ತೂತಿನ ಅಂಚು ನಯ ಮಾಡಿ, ಜೋಡಿಸಿ, ರಿವೆಟ್ ಹೊಡೆಯುವುದು ನಮ್ಮ ಪಾಲು. ರಿವೆಟ್ಟುಗಳೇ ಹತ್ತು ಸಾವಿರದ ಮೇಲೆ. ಆಚೆಯಿಂದ ನಮ್ಮೆಜಮಾನರು ಗನ್ ಹಿಡಿದು ಟರ್ರ್ ಅನ್ನಿಸುವಾಗ ಈಚೆಯಿಂದ ಉಕ್ಕಿನ ತುಂಡು ಒತ್ತಿ ಹಿಡಿಯುವವಳು ನಾನು. ಸಪ್ತಪದಿಯಲ್ಲಿ ಇದು ಎಷ್ಟನೆಯ ಹೆಜ್ಜೆಯೆಂದು ಪುರೋಹಿತರು ಹೇಳಿರಲಿಲ್ಲ. ಇಲ್ಲಿನ ಕಾನೂನಿನಂತೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು; ಶೇಕಡಾ 51ರ ನಿಯಮ ಅನ್ನುತ್ತಾರೆ. ಅಡುಗೆಮನೆಗೂ ಇಂಥದೊಂದು ನಿಯಮ ಇದ್ದಿದ್ದರೆ... ಇರಲಿ.

ಅತ್ತೆ ಕುಂದುರ್ಪಿಯವರು. ಅನಂತಪುರ ಜಿಲ್ಲೆ, ಕಲ್ಯಾಣದುರ್ಗದ ಕಡೆ. ಬೋರ್ಡೆಲ್ಲ ತೆಲುಗು, ಇವರ ಮನೆಯ ಬೈಗುಳವೆಲ್ಲ ಕನ್ನಡ. ಮಳೆ ಕೈಕೊಡುವ ಸೀಮೆಯಾದ್ದರಿಂದ ಬಿಸಿಲನ್ನು ಸುಮ್ಮನೆ ಹಾಳುಮಾಡುವುದು ಅವರಿಗೆ ಆಗದು. ಪಾವಗಡದ ತಿರುಮಣಿ ಹತ್ತಿರ ಸಾವಿರಾರು ಎಕರೆಗೆ ಸೋಲಾರ್ ಹಲಗೆ ಹಾಸಿದಾಗಲೂ "ಅಷ್ಟು ಜಾಗದಾಗೆ ಒಂದು ಹಪ್ಪಳ ಇಲ್ವಲ್ಲ" ಎಂದು ಮರುಗಿದವರು. ಟೆಕ್ಸಾಸಿನಲ್ಲಿ ಇಳಿದ ದಿನವೇ ಅಂಗೈ ಚಾಚಿ ಬಿಸಿಲು ನೋಡಿ "ನಮ್ಮೂರಂಗೇ ಐತೆ" ಎಂದು ಪಾಸು ಮಾಡಿದ್ದರು.

ನಿನ್ನೆ ಮಗರಾಯರು ರೆಕ್ಕೆಯನ್ನು ಹಿತ್ತಲಿಗೆ ಸಾಗಿಸಿ, ಸ್ಟ್ಯಾಂಡಿನ ಮೇಲೆ ಮಲಗಿಸಿ, ಮೀಟಿಂಗಿಗೆ ಕೂತರು. ಎದ್ದು ಬರುವಷ್ಟರಲ್ಲಿ ಒಂದು ಬಿಟ್ಟು ಒಂದು ರಿವೆಟ್ಟಿನ ಮೇಲೆ ಒಂದೊಂದು ಅಕ್ಕಿ ಸಂಡಿಗೆ, ಉದ್ದಕ್ಕೂ, ಸಾಲು ತಪ್ಪದೆ.

"ಗುರುತು ನೀನೇ ಹಾಕಿಟ್ಟಿದ್ಯಲ್ಲಪ್ಪ, ಸಲೀಸಾಯ್ತು" ಎಂದರು ಅತ್ತೆ. ಒಂದೇ ದೂರು: "ನಡುವೆ ಉಬ್ಬೈತೆ, ಸಂಡಿಗೆ ಜಾರ್ತೈತೆ. ಮಟ್ಟ ಮಾಡೋಕೆ ಯಾರೂ ಸಿಗ್ಲಿಲ್ವಾ?"

ಆ ಉಬ್ಬಿನಿಂದಲೇ ವಿಮಾನ ಏಳುವುದೆಂದು ಇವರು ಕೈಯಲ್ಲೇ ಗಾಳಿ ಬೀಸಿ ತೋರಿಸಿದರು. ಉಪ್ಪು, ನಿಂಬೆಹುಳಿ ತಾಗಿದರೆ ಅಲ್ಯುಮಿನಿಯಂ ಸವೆಯುತ್ತದೆ ಎಂದು ಕೂಗಿದರು. "ನಿಮ್ಮಜ್ಜಿ ಕಾಲದ ಜರ್ಮನ್ ಪಾತ್ರೆಯಾಗೆ ಹುಳಿ ಕುದಿಸಿ ನಿನ್ನ ಸಾಕೀನಿ. ಪಾತ್ರೇನೂ ಐತೆ, ನೀನೂ ಇದೀಯ." ಇದು ಪಾತ್ರೆಯ ಅಲ್ಯುಮಿನಿಯಂ ಅಲ್ಲಮ್ಮ, ಗಟ್ಟಿಯಾಗಲಿ ಅಂತ ತಾಮ್ರ ಬೆರೆಸಿರುತ್ತಾರೆ, ಅದಕ್ಕೇ ಬೇಗ ತುಕ್ಕು ಎಂದು ಇವರು ವಿವರಿಸಿದರು. ಅತ್ತೆಯ ಮುಖ ಅರಳಿತು. "ತಾಮ್ರ ಐತಾ? ಹುಣಸೆಹಣ್ಣಾಗೆ ತಿಕ್ತೀನಿ ಬಿಡು!"

ನನ್ನ ಮೊದಲ ಪ್ಯಾಂಟ್ರಿ ಯಾತ್ರೆ ಅದು.

ಆಮೇಲೆ ಇತಿಹಾಸ ಶುರುವಾಯಿತು. ನನ್ನ ತವರು ಮೈಸೂರೆಂದು ಇವರು ನನ್ನ ಕಡೆ ತಿರುಗಿ, ನಿಮ್ಮೂರಿನ ಎಸ್. ವಿ. ಶೆಟ್ಟಿ 1911-12ರಲ್ಲೇ ಇಂಗ್ಲೆಂಡಿನ ಅವ್ರೊ ಕಂಪನಿಯಲ್ಲಿ ವಿಮಾನ ರೂಪಿಸಿದರು, ಅವರಿಗೆ ಈ ಕಾಟ ಇತ್ತೇ ಎಂದರು. ಲಂಡನ್ ಕಡೆಯ ಅಶೋಕ್ ತಾಮರಾಕ್ಷನ್ ಲಾಕ್‌ಡೌನಿನಲ್ಲಿ ನಾಲ್ಕು ಸೀಟಿನ ವಿಮಾನ ಕಟ್ಟಿ, ಮಗಳ ಹೆಸರಿಟ್ಟು, 2022ರಲ್ಲಿ ಸಂಸಾರವನ್ನೇ ಹಾರಿಸಲಿಲ್ಲವೇ? ಮುಂಬಯಿಯ ಅಮೋಲ್ ಯಾದವ್ ತಾರಸಿಯ ಮೇಲೆ ಕಟ್ಟಿದ್ದು 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೇ ಹೋಗಲಿಲ್ಲವೇ?

"ತಾರಸಿ ಮ್ಯಾಲೆ ಕಟ್ಟಿದ್ನಾ?" ಅತ್ತೆ ನಿಜವಾಗಿಯೂ ಗಾಬರಿಯಾದರು. "ಹಂಗಾದ್ರೆ ಅವರಮ್ಮ ಸಂಡಿಗೆ ಎಲ್ಲಿಟ್ಲು?"

ನನ್ನ ಮಗ ಅಷ್ಟರಲ್ಲಿ ಹಸಿ ಸಂಡಿಗೆಯನ್ನೇ ತಿನ್ನುತ್ತ, ಕೆಲಸದ ದಾಖಲೆಯ ಪುಸ್ತಕಕ್ಕೆಂದು ಫೋಟೊ ತೆಗೆದ. ಇನ್‌ಸ್ಪೆಕ್ಟರ್ ನೋಡುವ ಪುಸ್ತಕ ಅದು. ಅಜ್ಜಿಯ ಕೆಲಸ ಯಾವ ಶೇಕಡಾದಲ್ಲಿ ಸೇರುತ್ತದೆಂದು ಅಪ್ಪನನ್ನೇ ಕೇಳಿ ಬೈಸಿಕೊಂಡ.

ಇದು ಹವ್ಯಾಸಿಗಳು ಕಟ್ಟಿದ್ದು, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಕ್ಕೆ ಒಳಪಟ್ಟಿಲ್ಲ ಎಂಬ ಫಲಕವನ್ನು ವಿಮಾನದೊಳಗೆ ಪ್ರಯಾಣಿಕರಿಗೆ ಕಾಣುವಂತೆ ಹಾಕಲೇಬೇಕು. ರಾತ್ರಿ ಮೊಮ್ಮಗ ಅದನ್ನು ಕನ್ನಡದಲ್ಲಿ ಓದಿ ಹೆದರಿಸಲು ನೋಡಿದ. ಅತ್ತೆ ರೆಕ್ಕೆಯ ಮೇಲೆ ಕೈಯಾಡಿಸುತ್ತ ಕೂತಿದ್ದರು. "ಹಂಗಂತ ಬರೆದೋರು ಅವನ ಕೈಕೆಲಸ ನೋಡವ್ರಾ? ಮೊದ್ಲು ನಾನೇ ಕೂತ್ಕೋತೀನಿ" ಎಂದರು. ಆಗ ನಾನು ನಗಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಇವರು ಮೂಗು ಸೀಟಿ, ಟೆಕ್ಸಾಸಿನ ಧೂಳನ್ನು ಬೈದರು.

ಆದರೆ ಹಾರಾಟ ಪರೀಕ್ಷೆಯ ಮೊದಲ ಗಂಟೆಗಳಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ, ಎಂಜಿನ್ನು ಇನ್ನೂ ಬಂದಿಲ್ಲ, ಅತ್ತೆಗೆ ಇಲ್ಲಿರಲು ಸಿಕ್ಕಿರುವುದು ಬರೀ ಆರು ತಿಂಗಳು. ಸಂಡಿಗೆ ಮಾತ್ರ ಕರಿದಾಗ ಹೂವಾಗಿ ಅರಳಿತು. ಹೆಚ್ಚು ತಿಂದವರು ಮಾತು ಬಿಟ್ಟವರೇ.

ಕುಂದುರ್ಪಿ, ಕಲ್ಯಾಣದುರ್ಗ, ಮಡಕಶಿರಾ ಕಡೆಯಿಂದ ಯಾರಾದರೂ ಡಲ್ಲಾಸಿಗೆ ಬರುವವರಿದ್ದರೆ ದಯವಿಟ್ಟು ಎರಡು ಹಳೇ ಅಗಲ ಪಂಚೆ ತನ್ನಿ, ನೆಲದ ಮೇಲೆ ಹಾಸಲು. ಬರುವ ವಾರ ಇನ್ನೊಂದು ರೆಕ್ಕೆ ಹಿತ್ತಲಿಗೆ ಬರುತ್ತದೆ, ಅತ್ತೆ ಆಗಲೇ ಅಕ್ಕಿ ನೆನೆಹಾಕಿದ್ದಾರೆ.